ಸಮಾಜ ವಿಜ್ಞಾನದಲ್ಲಿ ಸ್ನಾತಕೋತ್ತರ ಓದು: ಕರಾವಳಿಯ ಯುವಜನರಿಗೂ ಪಾಲಕರಿಗೂ ಒಂದು ಮಾರ್ಗದರ್ಶಿ



ಪದವಿ ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ಧರ್ಮಕೇಂದ್ರದ ಕಚೇರಿಗೆ ಬರುವ ತಂದೆತಾಯಂದಿರ ಪ್ರಶ್ನೆ ಹೆಚ್ಚಾಗಿ ಹೀಗಿರುತ್ತದೆ: "ಫಾದರ್, ಮಗಳು ಎಂ.ಎ. ಮಾಡ್ತೇನೆ ಅಂತಾಳೆ. ಸಮಾಜಶಾಸ್ತ್ರವಂತೆ. ಅದರಲ್ಲಿ ಎಂತ ಸಿಗ್ತದೆ?"

ಮಗಳು ನರ್ಸಿಂಗ್ ಎಂದರೆ, ಮಗ ಎಂಜಿನಿಯರಿಂಗ್ ಎಂದರೆ ಈ ಪ್ರಶ್ನೆ ಬರುವುದಿಲ್ಲ. ಕೊಲ್ಲಿ ರಾಷ್ಟ್ರಗಳ ದಾರಿ ನಮ್ಮ ಮನೆಗಳಿಗೆ ಪರಿಚಿತ. ಆದರೆ ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಎಂದ ಕೂಡಲೇ ಎಲ್ಲೂ ಸೀಟು ಸಿಗದವರು ಹಿಡಿಯುವ ದಾರಿ ಎಂದು ಭಾವಿಸುತ್ತೇವೆ. ಈ ಭಾವನೆಯಲ್ಲಿ ಧರ್ಮಗುರುಗಳಾದ ನಮ್ಮ ಪಾಲೂ ಇದೆ ಎಂದು ಒಪ್ಪಿಕೊಂಡೇ ಈ ಲೇಖನವನ್ನು ಬರೆಯುತ್ತಿದ್ದೇವೆ.

ಕೆಲವು ತಿಂಗಳ ಹಿಂದೆ ಹುಬ್ಬಳ್ಳಿಗೆ ಹೋದಾಗ ಬೈರಿದೇವರಕೊಪ್ಪದಲ್ಲಿ ಬಾಡಿಗೆ ಕೋಣೆ ಹಿಡಿದು ಓದುತ್ತಿರುವ, ಹೊನ್ನಾವರ ಕಡೆಯ ಒಬ್ಬ ವಿದ್ಯಾರ್ಥಿನಿಯನ್ನು ಭೇಟಿಯಾದೆವು. ಬೈರಿದೇವರಕೊಪ್ಪವು ಹುಬ್ಬಳ್ಳಿ ಮತ್ತು ಧಾರವಾಡದ ನಡುವೆ, ಉಣಕಲ್ ಕೆರೆ ದಾಟಿದ ಮೇಲೆ ನವನಗರಕ್ಕಿಂತ ಮೊದಲು ಸಿಗುವ ಊರು. ಅವಳ ಗೆಳತಿ ಹುಬ್ಬಳ್ಳಿಯಲ್ಲಿ ಕೆಲಸ ಮಾಡುತ್ತಾಳೆ, ಇವಳು ಧಾರವಾಡದಲ್ಲಿ ಓದುತ್ತಾಳೆ. ಇಬ್ಬರಿಗೂ ನಡುವೆ ಇರಲಿ ಎಂದು ಅಲ್ಲಿ ಕೋಣೆ ಮಾಡಿದ್ದಾರೆ. "ಮನೆಯಲ್ಲಿ ಇನ್ನೂ ಬಿ.ಎಡ್. ಮಾಡು ಅಂತಲೇ ಹೇಳ್ತಾರೆ ಫಾದರ್" ಎಂದಳು. ಅವಳ ಮಾತುಗಳನ್ನು ಮುಂದೆ ಹೇಳುತ್ತೇವೆ. ಮೊದಲು ವಿಷಯಕ್ಕೆ ಬರೋಣ.

ಈ ಓದು ನಮಗೇಕೆ ಬೇಕು?

1891ರ ಮೇ 15ರಂದು ಪೋಪ್ 13ನೇ ಲಿಯೋ ಅವರು 'ರೇರುಮ್ ನೊವಾರುಮ್' ಎಂಬ ವಿಶ್ವಪತ್ರವನ್ನು ಹೊರಡಿಸಿ ಕಾರ್ಮಿಕರ ಕೂಲಿ ಮತ್ತು ಸಂಘಟನೆಯ ಹಕ್ಕಿನ ಬಗ್ಗೆ ಮಾತಾಡಿದರು. 2025ರ ಮೇ 8ರಂದು ಆಯ್ಕೆಯಾದ ಪೋಪ್ 14ನೇ ಲಿಯೋ ಅವರು ಅದೇ ಹೆಸರನ್ನು ಆರಿಸಿಕೊಂಡು ಆ ಪರಂಪರೆಯನ್ನು ನೆನಪಿಸಿದ್ದಾರೆ. 1961ರ 'ಮಾತೆರ್ ಎತ್ ಮಜಿಸ್ತ್ರಾ' ವಿಶ್ವಪತ್ರವು ಸಾಮಾಜಿಕ ಬೋಧನೆಯನ್ನು ಆಚರಣೆಗೆ ತರಲು ಮೂರು ಹಂತಗಳನ್ನು ಹೇಳುತ್ತದೆ: ನೋಡು, ವಿವೇಚಿಸು, ಕಾರ್ಯಮಾಡು.

ನಮ್ಮ ಧರ್ಮಕೇಂದ್ರಗಳಲ್ಲಿ ಕಾರ್ಯಕ್ಕೆ ಕೊರತೆಯಿಲ್ಲ. ಅಕ್ಕಿ ಹಂಚುತ್ತೇವೆ, ಮನೆ ಕಟ್ಟಿಸಿಕೊಡುತ್ತೇವೆ, ವೈದ್ಯಕೀಯ ಶಿಬಿರ ನಡೆಸುತ್ತೇವೆ. ಆದರೆ ಮೊದಲ ಹಂತವಾದ 'ನೋಡು' ಎಂಬುದನ್ನು ಹಾರಿಸಿಬಿಡುತ್ತೇವೆ. ಯಾವ ಮನೆ ಏಕೆ ಬಡವಾಯಿತು, ಯಾವ ವಾಳೆಯ ಹುಡುಗರು ಶಾಲೆ ಬಿಟ್ಟರು, ದೋಣಿ ಮಾರಿದವರು ಈಗ ಏನು ಮಾಡುತ್ತಿದ್ದಾರೆ ಎಂದು ಕ್ರಮವಾಗಿ ನೋಡುವುದೇ ಸಮಾಜ ವಿಜ್ಞಾನ. ಅದು ತರಬೇತಿ ಬೇಡುವ ಕೆಲಸ.

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗವು ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯನ್ನು ಆರಂಭಿಸಿದಾಗ ಕ್ರೈಸ್ತರ ಹೆಸರಿನೊಂದಿಗೆ ಜಾತಿಗಳ ಹೆಸರು ಸೇರಿಸಿದ್ದ ಪಟ್ಟಿ ದೊಡ್ಡ ವಿವಾದವಾಯಿತು. ಯಾವ ಕಾಲಂನಲ್ಲಿ ಏನು ಬರೆಸಬೇಕು ಎಂದು ಗುರಿಕಾರರು ನಮ್ಮನ್ನು ಕೇಳಿದರು. ಮೀಸಲಾತಿಯ ಪ್ರವರ್ಗ, ಮತಾಂತರದ ಇತಿಹಾಸ, ಅಂಕಿಅಂಶಗಳ ಬಳಕೆ ಇವೆಲ್ಲ ತಿಳಿದ ನಮ್ಮವರೇ ಒಬ್ಬರು ಪಕ್ಕದಲ್ಲಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅಂದು ಅನಿಸಿತು. ವೈದ್ಯರನ್ನೂ ಎಂಜಿನಿಯರರನ್ನೂ ಹೆಸರಿಸಲು ಸಾಧ್ಯವಾಯಿತು. ಸಮಾಜಶಾಸ್ತ್ರ ಓದಿದವರ ಹೆಸರು ನೆನಪಿಗೆ ಬರಲಿಲ್ಲ.

ಹಾಗೆಂದು ಈ ಕ್ಷೇತ್ರ ನಮಗೆ ಅಪರಿಚಿತವಲ್ಲ. ಮಂಗಳೂರಿನಲ್ಲಿ 1897ರಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜರು ಸಂವಿಧಾನ ರಚನಾ ಸಭೆಯ ಸದಸ್ಯರಾಗಿದ್ದರು. 1951ರಲ್ಲಿ ಪುಣೆಯಲ್ಲಿ ಇಂಡಿಯನ್ ಸೋಶಿಯಲ್ ಇನ್‌ಸ್ಟಿಟ್ಯೂಟ್ ಆರಂಭಿಸಿದರು. ಮುಂದೆ ಆ ಸಂಸ್ಥೆ ದೆಹಲಿಗೆ ಹೋಯಿತು. ಮಂಗಳೂರಿನ ರೋಶನಿ ನಿಲಯವನ್ನು 1960ರಲ್ಲಿ ಧರ್ಮಭಗಿನಿಯರು ಸ್ಥಾಪಿಸಿದರು. ಸಮಾಜಕಾರ್ಯದ ಶಿಕ್ಷಣದಲ್ಲಿ ಅದರ ಹೆಸರು ನಾಡಿಗೇ ತಿಳಿದಿದೆ.

ಯಾವ ವಿಷಯ, ಯಾರಿಗೆ?

ಸಮಾಜ ವಿಜ್ಞಾನ ಎಂದರೆ ಒಂದೇ ವಿಷಯವಲ್ಲ. ಸಮಾಜಶಾಸ್ತ್ರ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಇತಿಹಾಸ, ಮಾನವಶಾಸ್ತ್ರ, ಮನಃಶಾಸ್ತ್ರ, ಅಪರಾಧಶಾಸ್ತ್ರ, ಸಮಾಜಕಾರ್ಯ ಎಲ್ಲವೂ ಇದರಲ್ಲಿ ಸೇರುತ್ತವೆ. ಆಯ್ಕೆಗೆ ಮುನ್ನ ಕೆಳಗಿನ ವ್ಯತ್ಯಾಸಗಳು ತಿಳಿದಿರಲಿ.

ಸಮಾಜಶಾಸ್ತ್ರದ ಎಂ.ಎ.ಯಲ್ಲಿ ಸಿದ್ಧಾಂತ ಮತ್ತು ಸಂಶೋಧನಾ ವಿಧಾನಕ್ಕೆ ಒತ್ತು. ಓದುವ, ಬರೆಯುವ ಅಭ್ಯಾಸ ಇರುವವರಿಗೆ ಇದು ಹೊಂದುತ್ತದೆ. ಎಂ.ಎಸ್.ಡಬ್ಲ್ಯೂ. ವೃತ್ತಿಪರ ಪದವಿ. ಇಲ್ಲಿ ತರಗತಿಯ ಜೊತೆಗೇ ಆಸ್ಪತ್ರೆ, ಕಾರ್ಖಾನೆ, ಹಳ್ಳಿ, ಸೇವಾಸಂಸ್ಥೆಗಳಲ್ಲಿ ಕ್ಷೇತ್ರಕಾರ್ಯ ಕಡ್ಡಾಯ. ಜನರೊಂದಿಗೆ ಬೆರೆಯುವ ಸ್ವಭಾವ ಬೇಕು. ಅರ್ಥಶಾಸ್ತ್ರಕ್ಕೆ ಗಣಿತ ಮತ್ತು ಸಂಖ್ಯಾಶಾಸ್ತ್ರದ ಭಯ ಇರಬಾರದು. ಇತಿಹಾಸಕ್ಕೆ ಹಳೆಯ ದಾಖಲೆ ಓದುವ ತಾಳ್ಮೆ ಬೇಕು. ನಮ್ಮ ದೀಕ್ಷಾಸ್ನಾನ ಮತ್ತು ಮದುವೆ ದಾಖಲೆಗಳೇ ಇತಿಹಾಸಕಾರರಿಗೆ ದೊಡ್ಡ ನಿಧಿ. ನಾಗರಿಕ ಸೇವಾ ಪರೀಕ್ಷೆ ಬರೆಯುವ ಮನಸ್ಸಿರುವವರು ರಾಜ್ಯಶಾಸ್ತ್ರ ಅಥವಾ ಸಮಾಜಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಬಹುದು. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಲು ಅವಕಾಶವಿದೆ.

ಧಾರವಾಡದ ದಾರಿ

ಉತ್ತರ ಕನ್ನಡದ ಮಕ್ಕಳು ಘಟ್ಟ ಹತ್ತಿ ಧಾರವಾಡಕ್ಕೆ ಹೋಗುವುದು ಹೊಸದಲ್ಲ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಉತ್ತರ ಕನ್ನಡವೂ ಸೇರಿದೆ. ಕಾರವಾರದಲ್ಲಿ ಅದರ ಸ್ನಾತಕೋತ್ತರ ಕೇಂದ್ರವೂ ಇದೆ. 1954ರಿಂದ 1967ರವರೆಗೆ ಕುಲಪತಿಯಾಗಿದ್ದ ಡಾ. ಡಿ. ಸಿ. ಪಾವಟೆಯವರ ಕಾಲದಲ್ಲಿ ಅದು ಬೆಳೆಯಿತು. ಧರ್ಮಸಭೆಯ ಲೆಕ್ಕದಲ್ಲೂ ನಂಟು ಹಳೆಯದು: ಹುಬ್ಬಳ್ಳಿ-ಧಾರವಾಡ ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದೆ, ಕಾರವಾರ ಧರ್ಮಪ್ರಾಂತ್ಯ 1976ರಲ್ಲಿ ಬೇರ್ಪಟ್ಟದ್ದು ಅಲ್ಲಿಂದಲೇ.

ಸಮಾಜ ವಿಜ್ಞಾನದಲ್ಲಿ ಧಾರವಾಡಕ್ಕೆ ತನ್ನದೇ ಹೆಸರಿದೆ. ಅಲ್ಲಿ ಪಾಠ ಮಾಡಿದ್ದ ಸಮಾಜಶಾಸ್ತ್ರಜ್ಞ ಕೆ. ಈಶ್ವರನ್ ಅವರು ಧಾರವಾಡ ಸೀಮೆಯ ಒಂದು ಹಳ್ಳಿಯನ್ನು 'ಶಿವಪುರ' ಎಂಬ ಹೆಸರಿನಲ್ಲಿ ಅಧ್ಯಯನ ಮಾಡಿ 1968ರಲ್ಲಿ ಪುಸ್ತಕ ಪ್ರಕಟಿಸಿದರು; ಮುಂದೆ ಕೆನಡಾದಲ್ಲಿ ಪ್ರಾಧ್ಯಾಪಕರಾದರು. ಅದೇ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಅರ್ಥಶಾಸ್ತ್ರಜ್ಞ ಡಾ. ಡಿ. ಎಂ. ನಂಜುಂಡಪ್ಪನವರ ನೇತೃತ್ವದ ಸಮಿತಿ 2002ರಲ್ಲಿ ಪ್ರಾದೇಶಿಕ ಅಸಮತೋಲನದ ವರದಿ ಕೊಟ್ಟಿತು. ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ, ಅವುಗಳಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಅದು ಲೆಕ್ಕ ಹಾಕಿ ತೋರಿಸಿತು. ಇಂದಿಗೂ ವಿಧಾನಸಭೆಯಲ್ಲಿ ಅನುದಾನದ ಚರ್ಚೆ ನಡೆದಾಗ ಆ ವರದಿಯ ಹೆಸರು ಬರುತ್ತದೆ. ಒಂದು ಅಧ್ಯಯನದಿಂದ ಎಂತ ಸಿಗ್ತದೆ ಎಂದು ಕೇಳುವವರಿಗೆ ಇದೊಂದು ಉತ್ತರ.

ಅರ್ಥಶಾಸ್ತ್ರಜ್ಞ ಪಿ. ಆರ್. ಪಂಚಮುಖಿಯವರು ಧಾರವಾಡದಲ್ಲಿ ಕಟ್ಟಿದ ಸಿ.ಎಂ.ಡಿ.ಆರ್. ಎಂಬ ಸಂಶೋಧನಾ ಸಂಸ್ಥೆಯು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ನೆರವು ಪಡೆಯುತ್ತದೆ. 1939ರಲ್ಲಿ ಆರಂಭವಾದ ಕನ್ನಡ ಸಂಶೋಧನ ಸಂಸ್ಥೆಯೂ ಅದೇ ಊರಿನಲ್ಲಿದೆ. ಇಷ್ಟೆಲ್ಲ ಒಂದೇ ಊರಿನಲ್ಲಿ ಸಿಗುವುದು ಅಪರೂಪ.

ಬೇರೆ ದಾರಿಗಳೂ ಇವೆ. ದಕ್ಷಿಣ ಕನ್ನಡ ಮತ್ತು ಉಡುಪಿಯವರಿಗೆ 1980ರಲ್ಲಿ ಸ್ಥಾಪನೆಯಾದ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಹತ್ತಿರ. ಕಾಸರಗೋಡಿನ ಪೆರಿಯದಲ್ಲಿ ಕೇರಳ ಕೇಂದ್ರೀಯ ವಿಶ್ವವಿದ್ಯಾಲಯ, ಕಲಬುರಗಿಯ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇವೆ, ಎರಡೂ 2009ರವು. ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ 1936ರಿಂದ ನಡೆದುಬಂದಿದೆ. ಮನೆ ಬಿಟ್ಟು ಹೋಗಲಾಗದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಮತ್ತು ಇಗ್ನೋ ದೂರಶಿಕ್ಷಣ ನೀಡುತ್ತವೆ.

ಪ್ರವೇಶ ಮತ್ತು ಎರಡು ವರ್ಷಗಳು

ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ 2022ರಿಂದ ಸಿ.ಯು.ಇ.ಟಿ.-ಪಿ.ಜಿ. ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ. ಇದಕ್ಕೆ ಪದವಿಯ ಕೊನೆಯ ವರ್ಷದಲ್ಲಿರುವಾಗಲೇ ಅರ್ಜಿ ಹಾಕಬೇಕು. ನಮ್ಮ ಮಕ್ಕಳು ಹೆಚ್ಚಾಗಿ ತಪ್ಪುವುದು ಇಲ್ಲೇ. ಫಲಿತಾಂಶ ಬಂದ ಮೇಲೆ ವಿಚಾರಿಸುತ್ತಾರೆ, ಅಷ್ಟರಲ್ಲಿ ಪರೀಕ್ಷೆ ಮುಗಿದಿರುತ್ತದೆ. ರಾಜ್ಯದ ವಿಶ್ವವಿದ್ಯಾಲಯಗಳು ತಮ್ಮದೇ ಅಧಿಸೂಚನೆ ಹೊರಡಿಸುತ್ತವೆ. ಅದನ್ನು ವಿಶ್ವವಿದ್ಯಾಲಯದ ಅಧಿಕೃತ ಜಾಲತಾಣದಲ್ಲೇ ನೋಡಬೇಕು, ಸ್ನೇಹಿತರು ಕಳಿಸಿದ ಸಂದೇಶವನ್ನು ನಂಬಿ ಕೂರಬಾರದು.

ರಾಜ್ಯ ಸರಕಾರ 2024-25ರಿಂದ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದೆ. ಮೂರು ವರ್ಷದ ಪದವಿ ಪಡೆದವರಿಗೆ ಎಂ.ಎ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಜಾತಿ-ಆದಾಯ ಪ್ರಮಾಣಪತ್ರವನ್ನು ಪ್ರವೇಶಕ್ಕೆ ಮೊದಲೇ ಮಾಡಿಸಿಡಿ.

ಭಾಷೆಯ ಬಗ್ಗೆ ಒಂದು ಮಾತು. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಸಮಾಜ ವಿಜ್ಞಾನದ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವವರು ಬಹಳ. ಅದು ತಪ್ಪಲ್ಲ, ಕೀಳೂ ಅಲ್ಲ. ಆದರೆ ಮುಂದಿನ ಓದಿನ ಪುಸ್ತಕಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿವೆ. ಮೊದಲ ಸೆಮಿಸ್ಟರಿನಿಂದಲೇ ದಿನಕ್ಕೆ ನಾಲ್ಕು ಪುಟ ಇಂಗ್ಲಿಷ್ ಓದಿ, ಅದರ ಸಾರವನ್ನು ಕನ್ನಡದಲ್ಲಿ ಬರೆದಿಡುವ ಅಭ್ಯಾಸ ಮಾಡಿಕೊಂಡವರು ಎರಡು ವರ್ಷದಲ್ಲಿ ಎರಡೂ ಭಾಷೆಗಳಲ್ಲಿ ಗಟ್ಟಿಯಾಗುತ್ತಾರೆ.

ಎಂ.ಎ. ನಂತರ: ನೆಟ್, ಕೆ-ಸೆಟ್, ಪಿಎಚ್.ಡಿ.

ಪದವಿ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟರು, ಹಿಂದುಳಿದ ವರ್ಗದವರು ಮತ್ತು ಅಂಗವಿಕಲರಿಗೆ ಶೇ. 50. ಜೊತೆಗೆ ನೆಟ್ ಅಥವಾ ಸೆಟ್ ತೇರ್ಗಡೆಯಾಗಿರಬೇಕು. ಯು.ಜಿ.ಸಿ. 2023ರ ಜುಲೈಯಲ್ಲಿ ಹೊರಡಿಸಿದ ನಿಯಮದಂತೆ ಇದೇ ಕನಿಷ್ಠ ಅರ್ಹತೆ, ಪಿಎಚ್.ಡಿ. ಕಡ್ಡಾಯವಲ್ಲ.

ನೆಟ್ ಪರೀಕ್ಷೆ ಮೂರು ಗಂಟೆಯದು. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, 100 ಅಂಕ. ಎರಡನೆಯದರಲ್ಲಿ ವಿಷಯದ ಮೇಲೆ 100 ಪ್ರಶ್ನೆ, 200 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ ಇರುವುದರಿಂದ ಕನ್ನಡದಲ್ಲಿ ಓದಿದವರಿಗೆ ಕಷ್ಟ. ಕೆ-ಸೆಟ್ ಪ್ರಶ್ನೆಗಳು ಕನ್ನಡದಲ್ಲೂ ಇರುತ್ತವೆ, ಆದರೆ ಅದರ ಅರ್ಹತೆ ಕರ್ನಾಟಕಕ್ಕೆ ಸೀಮಿತ. ಹಿಂದೆ ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿದ್ದ ಈ ಪರೀಕ್ಷೆಯನ್ನು 2023ರಿಂದ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತಿದೆ. ಎರಡನ್ನೂ ಬರೆಯುವುದು ಜಾಣತನ.

2024ರ ಜೂನ್ 18ರಂದು ನಡೆದ ನೆಟ್ ಪರೀಕ್ಷೆ ಮರುದಿನವೇ ರದ್ದಾಗಿ, ಅಭ್ಯರ್ಥಿಗಳು ಎರಡು ತಿಂಗಳು ಕಾಯಬೇಕಾಯಿತು. ಇಂಥ ಆಘಾತಗಳೂ ಈ ದಾರಿಯಲ್ಲಿ ಬರುತ್ತವೆ ಎಂದು ತಿಳಿದಿರಲಿ. ಎಂ.ಫಿಲ್. ಪದವಿಯನ್ನು 2022ರ ನಿಯಮಗಳು ಕೈಬಿಟ್ಟಿವೆ. ಯಾರಾದರೂ ಹೊಸದಾಗಿ ಎಂ.ಫಿಲ್.ಗೆ ಸೇರಿಸುತ್ತೇವೆ ಎಂದರೆ ಹಣ ಕೊಡಬೇಡಿ.

ಹಣದ ಮಾತು

ಎಂ.ಎ. ಓದುವ ಅಲ್ಪಸಂಖ್ಯಾತ ವಿದ್ಯಾರ್ಥಿಗಳು ರಾಜ್ಯದ ಎಸ್.ಎಸ್.ಪಿ. ತಾಣದ ಮೂಲಕ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬಹುದು. ವಿದ್ಯಾರ್ಥಿನಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ರಾಜ್ಯದೊಳಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಹಬ್ಬಕ್ಕೆ ಊರಿಗೆ ಬಂದು ಹೋಗುವವರಿಗೆ ಇದು ಸಣ್ಣ ಉಳಿತಾಯವಲ್ಲ.

ನಿಜವಾದ ತೊಂದರೆ ಪಿಎಚ್.ಡಿ. ಹಂತದಲ್ಲಿ. ಕ್ರೈಸ್ತರೂ ಸೇರಿದಂತೆ ಆರು ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧಕರಿಗೆ 2009ರಿಂದ ಸಿಗುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರಕಾರ 2022-23ರಿಂದ ನಿಲ್ಲಿಸಿತು. ಬೇರೆ ಯೋಜನೆಗಳಲ್ಲೂ ಅಲ್ಪಸಂಖ್ಯಾತರಿಗೆ ಅವಕಾಶವಿದೆ ಎಂಬುದು ಲೋಕಸಭೆಯಲ್ಲಿ ಸಚಿವರು ಕೊಟ್ಟ ಕಾರಣ. ಈಗ ಉಳಿದಿರುವ ಮುಖ್ಯ ದಾರಿ ನೆಟ್ ಮೂಲಕ ಸಿಗುವ ಜೆ.ಆರ್.ಎಫ್. ಇದು 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ. ಇದಕ್ಕೆ ಸಾಮಾನ್ಯ ವಯೋಮಿತಿ 30 ವರ್ಷ. ಮಹಿಳೆಯರಿಗೆ ಐದು ವರ್ಷದ ರಿಯಾಯಿತಿ ಇದೆ. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯ ಮತ್ತು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ಫೆಲೋಶಿಪ್‌ಗಳೂ ಇವೆ. ಆಯಾ ವರ್ಷದ ಅಧಿಸೂಚನೆ ಗಮನಿಸಿ.

ಉದ್ಯೋಗ: ಇದ್ದದ್ದು ಇದ್ದ ಹಾಗೆ

ಸುಳ್ಳು ಆಸೆ ಹುಟ್ಟಿಸುವುದು ಪಾಪ. ಸರಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ವರ್ಷಾನುಗಟ್ಟಲೆ ಖಾಯಂ ನೇಮಕಾತಿಗೆ ಕಾಯುತ್ತಿದ್ದಾರೆ. ಉಪನ್ಯಾಸಕ ಹುದ್ದೆಯೊಂದನ್ನೇ ನಂಬಿ ಎಂ.ಎ. ಮಾಡುವುದು ಸರಿಯಲ್ಲ. ಪಿ.ಯು. ಕಾಲೇಜಿಗೆ ಹೋಗುವವರು ಬಿ.ಎಡ್. ಕೂಡ ಮಾಡಬೇಕು. ಆದ್ದರಿಂದ ಆ ವಿದ್ಯಾರ್ಥಿನಿಯ ತಂದೆ ಹೇಳಿದ್ದರಲ್ಲಿ ಅರ್ಥವಿಲ್ಲ ಎನ್ನಲಾಗದು.

ಆದರೆ ಬೇರೆ ಬಾಗಿಲುಗಳಿವೆ. 1948ರ ಕಾರ್ಖಾನೆ ಕಾಯ್ದೆಯು 500 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಬೇಕು ಎಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆ ಆ ಮಿತಿಯನ್ನು 250ಕ್ಕೆ ಇಳಿಸಿದೆ. ಎಂ.ಎಸ್.ಡಬ್ಲ್ಯೂ. ಓದಿದವರಿಗೆ ಇದು ಒಳ್ಳೆಯ ಸುದ್ದಿ. ದೊಡ್ಡ ಆಸ್ಪತ್ರೆಗಳು ವೈದ್ಯಕೀಯ ಸಮಾಜಕಾರ್ಯಕರ್ತರನ್ನು ನೇಮಿಸುತ್ತವೆ. ಮಕ್ಕಳ ರಕ್ಷಣೆ, ಸಂಜೀವಿನಿ, ಆಪ್ತಸಮಾಲೋಚನೆ, ಸ್ವಯಂಸೇವಾ ಸಂಸ್ಥೆಗಳು, ಪತ್ರಿಕೋದ್ಯಮ, ಸಮೀಕ್ಷಾ ಸಂಸ್ಥೆಗಳು ಹೀಗೆ ಪಟ್ಟಿ ಬೆಳೆಯುತ್ತದೆ. ಇಲ್ಲೆಲ್ಲ ಕೇಳುವುದು ಒಂದೇ: ನಿಮಗೆ ಜನರ ಬಳಿ ಹೋಗಿ ಮಾಹಿತಿ ಸಂಗ್ರಹಿಸಲು, ಅದನ್ನು ಲೆಕ್ಕ ಹಾಕಲು, ಸ್ಪಷ್ಟವಾಗಿ ಬರೆಯಲು ಬರುತ್ತದೆಯೇ? ಬರುವುದಾದರೆ ಕೆಲಸವಿದೆ. ಕೇವಲ ನೋಟ್ಸ್ ಓದಿ ಪಾಸಾದವರಿಗೆ ಪ್ರಮಾಣಪತ್ರ ಮಾತ್ರ ಉಳಿಯುತ್ತದೆ.

ಬೈರಿದೇವರಕೊಪ್ಪ ಕಲಿಸಿದ್ದು

ಈಗ ಆ ವಿದ್ಯಾರ್ಥಿನಿಯ ಮಾತಿಗೆ ಬರೋಣ. ಕಿರುಪ್ರಬಂಧಕ್ಕೆ ವಿಷಯ ಹುಡುಕುತ್ತಿದ್ದಾಗ ಅವಳ ಪ್ರಾಧ್ಯಾಪಕರು, "ದೂರ ಯಾಕೆ ಹೋಗ್ತೀ, ನೀನಿರುವ ಊರನ್ನೇ ನೋಡು" ಎಂದರಂತೆ.

ಬೈರಿದೇವರಕೊಪ್ಪ ಹೊಲಗದ್ದೆಗಳ ನಡುವಿನ ಹಳ್ಳಿಯಾಗಿತ್ತು. 1962ರಲ್ಲಿ ಎರಡೂ ನಗರಗಳಿಗೆ ಸೇರಿ ಒಂದೇ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯಲ್ಲಿ ಅವಳಿ ನಗರದ ಜನಸಂಖ್ಯೆ 9.43 ಲಕ್ಷ ದಾಟಿತ್ತು. ಹೆದ್ದಾರಿಯ ಎರಡೂ ಕಡೆ ಬಡಾವಣೆಗಳು ಎದ್ದವು. ಪಕ್ಕದ ಅಮರಗೋಳದಲ್ಲಿ ಎ.ಪಿ.ಎಂ.ಸಿ., ನವನಗರದಲ್ಲಿ ಕಾನೂನು ವಿಶ್ವವಿದ್ಯಾಲಯ ಬಂದವು. 2018ರ ಅಕ್ಟೋಬರ್‌ನಲ್ಲಿ ಬಿ.ಆರ್.ಟಿ.ಎಸ್.ನ 'ಚಿಗರಿ' ಬಸ್ಸುಗಳ ಓಡಾಟ ಶುರುವಾಗಿ, 2020ರ ಫೆಬ್ರುವರಿ 2ರಂದು ಅಧಿಕೃತ ಉದ್ಘಾಟನೆಯಾಯಿತು. ಸುಮಾರು 22 ಕಿಲೋಮೀಟರಿನ ಈ ಮಾರ್ಗಕ್ಕಾಗಿ ರಸ್ತೆ ಅಗಲವಾಯಿತು. ಆ ಅಗಲೀಕರಣಕ್ಕಾಗಿಯೇ ಅಲ್ಲಿನ ಹಳೆಯ ದರ್ಗಾವನ್ನು, ವ್ಯಾಜ್ಯ ಹೈಕೋರ್ಟಿನವರೆಗೂ ಹೋದ ಬಳಿಕ, 2022ರ ಡಿಸೆಂಬರ್‌ನಲ್ಲಿ ತೆರವುಗೊಳಿಸಲಾಯಿತು. ಬಸ್ಸು ಬೇಗ ಬರುವುದು ಒಳ್ಳೆಯದೇ. ತಲೆಮಾರುಗಳಿಂದ ಪ್ರಾರ್ಥಿಸಿದ ಜಾಗ ಹೋದಾಗ ಮನಸ್ಸಿಗೆ ನೋವಾಗುವುದೂ ಸಹಜವೇ. ಎರಡನ್ನೂ ಒಟ್ಟಿಗೆ ನೋಡಿ, ಯಾರ ಪರವೂ ಕೂಗಾಡದೆ ಬರೆಯುವುದು ಹೇಗೆ ಎಂಬುದೇ ಸಮಾಜ ವಿಜ್ಞಾನದ ಪಾಠ.

ಅವಳು ಮೊದಲ ದಿನ ಮುದ್ರಿಸಿದ ಪ್ರಶ್ನಾವಳಿ ಹಿಡಿದು ರಸ್ತೆ ಬದಿಯ ವ್ಯಾಪಾರಿಗಳ ಬಳಿ ಹೋದಳು. "ನಿಮ್ಮ ತಿಂಗಳ ಆದಾಯ ಎಷ್ಟು?" ಎಂಬುದು ಮೂರನೆಯ ಪ್ರಶ್ನೆ. ತೆರಿಗೆಯವಳು ಎಂದುಕೊಂಡು ಯಾರೂ ಬಾಯಿ ಬಿಡಲಿಲ್ಲ. ವಾರದ ನಂತರ ಪ್ರಶ್ನಾವಳಿಯನ್ನು ಚೀಲದಲ್ಲಿಟ್ಟು, ಚಹಾ ಕುಡಿಯುತ್ತ ಕೂತಳು. ಮಿರ್ಚಿ ಮಾರುವ ಅಜ್ಜಿಯೊಬ್ಬರು ತಾವಾಗಿಯೇ, "ಯವ್ವಾ, ಮೊದಲ ನಮ್ಮ ಅಂಗಡಿ ಆ ಕಡೆ ಇತ್ತು ನೋಡು" ಎಂದು ಶುರುಮಾಡಿದರು. "ಅವತ್ತು ನಾನು ಬರೆದುಕೊಂಡದ್ದು ಹನ್ನೊಂದು ಪುಟ ಫಾದರ್" ಎಂದಳು.

ಕರ್ನಾಟಕದ ಹೆಸರಾಂತ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಬಳಿಯ ಹಳ್ಳಿಯೊಂದರಲ್ಲಿ ತಿಂಗಳುಗಟ್ಟಲೆ ಇದ್ದದ್ದು ಹೀಗೆಯೇ. ಆ ಟಿಪ್ಪಣಿಗಳನ್ನು ಆಧರಿಸಿ ಸಿದ್ಧಪಡಿಸಿದ್ದ ಬರಹಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕಿದಾಗ, ನೆನಪಿನಿಂದಲೇ ಪುಸ್ತಕ ಬರೆದು 1976ರಲ್ಲಿ ಪ್ರಕಟಿಸಿದರು. ಜನರ ನಡುವೆ ಕೂತು ಕಂಡದ್ದು ಮನಸ್ಸಿನಲ್ಲಿ ಉಳಿದಿತ್ತು.

ನಮ್ಮ ಕರಾವಳಿಯಲ್ಲೂ ನೋಡಬೇಕಾದದ್ದು ರಾಶಿ ಇದೆ. 1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್ ಯೋಜನೆಗಾಗಿ ಕಾರವಾರ-ಅಂಕೋಲಾದ ಸಾವಿರಾರು ಕುಟುಂಬಗಳು ನೆಲ ಬಿಟ್ಟವು. ಅವರ ಮೊಮ್ಮಕ್ಕಳು ಈಗ ಎಲ್ಲಿದ್ದಾರೆ? ಹೊನ್ನಾವರದ ಕಾಸರಕೋಡಿನಲ್ಲಿ ಬಂದರಿನ ವಿರುದ್ಧ ಮೀನುಗಾರರು ಏಕೆ ನಿಂತರು? ಗಲ್ಫಿನಿಂದ ಬಂದ ಹಣದಲ್ಲಿ ಕಟ್ಟಿದ ಮನೆಗಳಲ್ಲಿ ಒಂಟಿಯಾಗಿರುವ ವೃದ್ಧರು ಎಷ್ಟು? ಈ ಪ್ರಶ್ನೆಗಳನ್ನು ಹೊರಗಿನವರು ಬಂದು ಕೇಳಲಿ ಎಂದು ಕಾಯುವುದೇಕೆ?

ಧರ್ಮಕೇಂದ್ರಗಳು ಮಾಡಬಹುದಾದದ್ದು

ಪ್ರತಿ ಧರ್ಮಕೇಂದ್ರವೂ ವೃತ್ತಿಶಿಕ್ಷಣಕ್ಕೆ ಕೊಡುವ ನೆರವಿನಲ್ಲಿ ಒಂದು ಪಾಲನ್ನು ಸಮಾಜ ವಿಜ್ಞಾನ ಓದುವವರಿಗೆ ಮೀಸಲಿಡಬಹುದು. ನೆಟ್ ಪರೀಕ್ಷೆಗೆ ತಯಾರಾಗುವ ಒಂದು ವರ್ಷ ಸಂಬಳವೂ ಇಲ್ಲ, ವಿದ್ಯಾರ್ಥಿವೇತನವೂ ಇಲ್ಲ. ಹೆಚ್ಚಿನವರು ಓದು ಬಿಡುವುದು ಆಗಲೇ. ಆ ಒಂದು ವರ್ಷದ ಕೋಣೆ ಬಾಡಿಗೆಯನ್ನು ಕೊಟ್ಟರೂ ದೊಡ್ಡ ಉಪಕಾರ. ವಾಳೆಗಳ ಕುಟುಂಬ ಸಮೀಕ್ಷೆಯನ್ನು ಈ ಮಕ್ಕಳಿಂದಲೇ ಮಾಡಿಸಿ ಗೌರವಧನ ಕೊಡಬಹುದು. ಅವರಿಗೆ ಅನುಭವ, ನಮಗೆ ಸರಿಯಾದ ಲೆಕ್ಕ.

ಪಾಲಕರಲ್ಲಿ ನಮ್ಮ ವಿನಂತಿ: "ಎಂತ ಸಿಗ್ತದೆ?" ಎಂದು ಕೇಳುವುದು ತಪ್ಪಲ್ಲ. ಅದರ ಜೊತೆಗೆ "ನಿನಗೆ ಏನು ತಿಳಿಯಬೇಕಾಗಿದೆ?" ಎಂದೂ ಕೇಳಿ. ಉತ್ತರ ಹೇಳುವ ಮಗುವನ್ನು ಕಳಿಸಿ. ಉತ್ತರವಿಲ್ಲದ ಮಗುವಿಗೆ ಇನ್ನೊಂದು ವರ್ಷ ಯೋಚಿಸಲು ಬಿಡಿ.

ಬೈರಿದೇವರಕೊಪ್ಪದ ಆ ವಿದ್ಯಾರ್ಥಿನಿ ಕೆ-ಸೆಟ್‌ಗೆ ಓದುತ್ತಿದ್ದಾಳೆ. ಪಿಎಚ್.ಡಿ. ಮಾಡುವ ಆಸೆಯಿದೆ, ಜೆ.ಆರ್.ಎಫ್. ಸಿಗದಿದ್ದರೆ ಮನೆಯವರ ಮಾತಿನಂತೆ ಬಿ.ಎಡ್. ಎಂದಳು. ಅವಳಿಗಾಗಿಯೂ, ಅವಳಂತೆ ಘಟ್ಟದ ಮೇಲೆ ಕೋಣೆ ಹಿಡಿದು ಓದುತ್ತಿರುವ ನಮ್ಮ ಎಲ್ಲ ಮಕ್ಕಳಿಗಾಗಿಯೂ ಪ್ರಾರ್ಥಿಸೋಣ. ಪ್ರಾರ್ಥನೆಯ ಜೊತೆಗೆ ಕೈಲಾದ ನೆರವನ್ನೂ ನೀಡೋಣ.